ಅಮ್ಮ ಹುಳುಮನೆಗೆ ಹೋಗದ ದಿನಗಳು

ಜಂಗಮಕೋಟೆ
13 ಮಾರ್ಚ್ 2007

ಮುನಿಸಿಕೊಂಡಿರುವ ಮಾಲಕ್ಕನಿಗೂ ಇನ್ನೂ ನಾನು ಮುಖ ನೋಡದ ಪಾಪುವಿಗೂ ಜ್ಯೋತಿಯ ಪ್ರೀತಿ.

ನಿನ್ನ ಕಾಗದ ಓದಿದೆ. ಚೊಚ್ಚಲ ಹೆರಿಗೆಗೆ ತವರಿನವರು ಕರೆಯಲಿಲ್ಲವೆಂದು ಮಂಚೇನಹಳ್ಳಿಯ ಬೀದಿಯೆಲ್ಲ ಆಡಿಕೊಂಡಿತು, ಅಮ್ಮನಿಗೆ ಮಗಳಿಗಿಂತ ರೇಷ್ಮೆಹುಳುವೇ ಹೆಚ್ಚಾಯಿತು ಎಂದು ಬರೆದಿದ್ದೀಯ. ಅಮ್ಮನಿಗೆ ಮೊಣಕಾಲು ನೋವು ಎಂದು ಫೋನಿನಲ್ಲಿ ಹೇಳಿದವಳು ನಾನೇ. ಅದು ಸುಳ್ಳು. ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಶುರುವಾಗಿತ್ತು. ಹೆದರಬೇಡ, ಆಪರೇಷನ್ ಆಗಿದೆ. ಈಗ ಜಗಲಿಯ ಮೇಲೆ ಕೂತು, ಪಕ್ಕದ ಮನೆಯ ಓಬಳಮ್ಮನಿಗೆ ಎಳೇ ಹುಳಕ್ಕೆ ಸೊಪ್ಪು ಹೆಚ್ಚಲು ಬರುವುದಿಲ್ಲವೆಂದು ಬೈಯುತ್ತಿದ್ದಾಳೆ. ಇದನ್ನು ಮೊದಲೇ ಬರೆದುಬಿಟ್ಟರೆ ಮಿಕ್ಕಿದ್ದನ್ನು ನೀನು ಸಮಾಧಾನವಾಗಿ ಓದಬಹುದು.

ಜನವರಿಯ ಬೆಳೆಯಲ್ಲಿ ಹುಳುಗಳು ಕೊನೆಯ ಜ್ವರದಿಂದ ಎದ್ದು, ಪೊರೆ ಕಳಚಿ ಸೊಪ್ಪಿಗೆ ಬಾಯಿಬಿಡುತ್ತಿದ್ದವು. ಅಮ್ಮ ಮಾತ್ರ ಹುಳುಮನೆಯ ಒಳಗೆ ಹೋಗದೆ, ಬಾಗಿಲಲ್ಲೇ ನಿಂತು ಓಬಳಮ್ಮನ ಕೈಗೆ ಸೊಪ್ಪು ಕೊಡುತ್ತಿದ್ದಳು. ಕೇಳಿದರೆ ಮೊಣಕಾಲು ಎಂದಳು. ಅದೇ ಮೊಣಕಾಲಲ್ಲಿ ತೋಟದಿಂದ ಹೊರೆ ಹೊತ್ತು ತರುತ್ತಿದ್ದಳಲ್ಲ! ಹೊರಗಾದ ಹೆಂಗಸು ಹುಳುಮನೆಗೆ ಹೋಗಬಾರದೆಂಬುದನ್ನು ಅಮ್ಮ ಒಂದು ದಿನವೂ ಮೀರಿದವಳಲ್ಲ, ನಿನಗೆ ಗೊತ್ತು. ಆದರೆ ಅವಳಿಗೆ ಮುಟ್ಟು ನಿಂತು ಆರು ವರ್ಷ. ಮತ್ತೆ ರಕ್ತ ಹೋಗುತ್ತಿದೆಯಾ ಎಂದು ಮೂರನೆಯ ದಿನ ಕೇಳಿಯೇಬಿಟ್ಟೆ.

“ಸುಮ್ಕಿರೇ, ನಿಮ್ಮಪ್ಪ ಕೇಳಿಸ್ಕಂಡಾರು. ಮಾಲಾದು ಹೆರಿಗೆ ಆಗ್ಲಿ, ಆಮೇಲೆ ನೋಡಣ” ಎಂದಳು. ನಾನು ಅತ್ತುಬಿಟ್ಟೆ. “ನಿನ್ನ ಬಿಎ ಓದ್ಸಿದ್ದು ಅಳಕ್ಕೇನೇ?” ಎಂದು ಗೊಣಗಿಕೊಂಡೇ ಮರುದಿನ ನನ್ನ ಜೊತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಅಲ್ಲಿನ ಡಾಕ್ಟರಮ್ಮ ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪದರ ಬರೀ ದಪ್ಪವಾಗಿದೆಯೋ, ಕೆಡಲು ಶುರುವಾಗಿದೆಯೋ ಅದರಲ್ಲಿ ಖಚಿತವಾಗಲಿಲ್ಲ. ಅದೇ ಚೂರನ್ನು ಬೆಂಗಳೂರಿಗೆ ಕಳಿಸಿ, ಆಂಟಿಬಾಡಿ ಹಾಕಿ ನೋಡಿಸೋಣ ಎಂದರು. ಒಂದೊಂದು ಆಂಟಿಬಾಡಿ ಜೀವಕೋಶದ ಒಂದೊಂದು ಗುರುತನ್ನೇ ಹುಡುಕಿ ಅಂಟಿಕೊಳ್ಳುತ್ತದಂತೆ. ಗುರುತಿದ್ದ ಕಡೆ ಕಂದು ಬಣ್ಣ ಬರುತ್ತದೆ. ಕೆಡುತ್ತಿರುವ ಕಡೆ ಗುರುತೇ ಅಳಿಸಿಹೋಗಿ ಬಣ್ಣ ಹಿಡಿಯದಿರಬಹುದು. ನನಗೆ ಅರ್ಧ ಅರ್ಥವಾಯಿತು. ಅಮ್ಮ ಮಾತ್ರ, “ಬಿತ್ತನೆ ಕೋಠೀಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆ ಅರೆದು ರೋಗ ಐತಾ ಅಂತ ನೋಡ್ತಾರಲ್ಲ, ಹಂಗೇನಮ್ಮ?” ಎಂದು ಕೇಳಿದಳು. ಹೆಚ್ಚುಕಮ್ಮಿ ಹಾಗೇ ಎಂದರು ಡಾಕ್ಟರಮ್ಮ. “ನನ್ನ ಅರೀದಿದ್ರೆ ಸಾಕು ಬಿಡು ತಾಯಿ!” ಮೂವರೂ ನಕ್ಕೆವು.

ಹನ್ನೆರಡು ದಿನ ಕಾದೆವು. ಒಂದು ಕಡೆ ಬಣ್ಣ ಹಿಡಿದಿರಲಿಲ್ಲ.

ನಿನಗೆ ದಿನ ತುಂಬಿತ್ತು. ತಿಳಿದರೆ ಆ ಹೊಟ್ಟೆ ಹೊತ್ತುಕೊಂಡು ಓಡಿ ಬರುತ್ತಾಳೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಳು. ಹೆಣ್ಣುಮಗು ಹುಟ್ಟಿದ ಸುದ್ದಿಯನ್ನು ಅಪ್ಪ ಬೆಂಗಳೂರಿನ ವಾರ್ಡಿಗೆ ತಂದಾಗ ಅವಳ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. “ಯಾರ ತರ ಐತಂತೆ?” ಎಂದು ನಾಲ್ಕು ಸಲ ಕೇಳಿದಳು.

ನಿನ್ನೆ ಕೊನೆಯ ರಿಪೋರ್ಟು ಬಂತು. ರೋಗ ಒಳಪದರ ದಾಟಿರಲಿಲ್ಲ. ಇನ್ನು ರೇಡಿಯೇಷನ್ನೂ ಬೇಡ, ಮೂರು ತಿಂಗಳಿಗೊಮ್ಮೆ ತೋರಿಸುತ್ತಿದ್ದರೆ ಸಾಕಂತೆ. ಅಪ್ಪ ಹೊರಗೆ ಹೋಗಿ ಮುಖ ತೊಳೆದು ಬಂದರು. ಐದು ನಿಮಿಷ ಬಿಟ್ಟು ಮತ್ತೆ ಹೋಗಿ ತೊಳೆದರು.

ಬರುವ ಭಾನುವಾರ ನಿಮ್ಮಿಬ್ಬರನ್ನು ಕರೆತರಲು ಅಪ್ಪ ಬರುತ್ತಾರೆ. ಬೇಡವೆನ್ನಬೇಡ. ಮಗುವಿಗೆ ನೀರು ಹಾಕಲು ಓಬಳಮ್ಮ ಒಪ್ಪಿದ್ದಾಳೆ. ಅಮ್ಮ ಕೂತಲ್ಲಿಂದಲೇ ಹೇಳಿಕೊಡುತ್ತಾಳಂತೆ. ಪಾಪ ಓಬಳಮ್ಮ.

ನಿನ್ನ ದಾರಿ ನೋಡುತ್ತಿರುವ ತಂಗಿ,
ಜ್ಯೋತಿಲಕ್ಷ್ಮಿ

ತಾ.ಕ.: ಜನವರಿಯಲ್ಲಿ ಗಮನಿಸಿದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಅದರ ಹಿಂದಿನ ಬೆಳೆಯಲ್ಲೇ ಅಮ್ಮ ಎರಡು ದಿನ ಹೊರಗೆ ನಿಂತದ್ದನ್ನು ನೋಡಿದ್ದೆ. ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಒಳ್ಳೇ ಹೊತ್ತಿಗೆ ಕರೆತಂದೆ ಎಂದು ಡಾಕ್ಟರಮ್ಮ ಬೆನ್ನು ತಟ್ಟಿದಾಗ, ನಡುವೆ ನಲವತ್ತು ದಿನ ಹೋಗಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಅಮ್ಮನಿಗೆ ನಾನೇ ಹೇಳುತ್ತೇನೆ. ಆಗ ನೀನು ನನ್ನ ಪಕ್ಕದಲ್ಲಿರು.