ಬಾಳೆದಿಂಡಿನ ಬೂದಿ

ಬೋರಗಾಂವ
ತಾ. ೨೪-೧೧-೧೯೯೬

ಪ್ರೀತಿಯ ಸೋನಕ್ಕನಿಗೆ ಜಿನಮತಿಯ ಜಯ ಜಿನೇಂದ್ರ.

ದಿಗ್ಗೇವಾಡಿಯಿಂದ ನಿನ್ನ ಕಾಗದ ಬಂದಾಗ ದೀಪಾವಳಿ ಇನ್ನೂ ಬಂದಿರಲಿಲ್ಲ. ಬರೆಯಲು ಕುಳಿತಾಗಲೆಲ್ಲ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಸಿಟ್ಟಾಗಬೇಡ.

ಇವರದು ಅದೇ ಎಣ್ಣೆಯ ಹುಚ್ಚು. ಕರೆಂಟ್ ಸರಿಯಾಗಿ ಇರುವುದಿಲ್ಲ, ಡೀಸೆಲ್ ತುಟ್ಟಿ, ಕಬ್ಬಿಗೆ ನೀರು ಬಿಡಲೇಬೇಕು. ಹೋಟೆಲ್‌ಗಳಲ್ಲಿ ಭಜಿ ಕರಿದು ಕಪ್ಪಾದ ಎಣ್ಣೆಗೆ ಸ್ಪಿರಿಟ್ಟು, ಬಾಳೆದಿಂಡು ಸುಟ್ಟ ಬೂದಿ ಬೆರೆಸಿ ಕಾಯಿಸಿದರೆ ಅದರಿಂದಲೇ ಬಾವಿಯ ನೀರೆತ್ತುವ ಇಂಜಿನ್ನು ಓಡುತ್ತದೆಂದು ನಿಪ್ಪಾಣಿಯ ಮಾಸ್ತರರೊಬ್ಬರು ಹೇಳಿಕೊಟ್ಟಿದ್ದಾರೆ. ದಿಂಡು ಕಡಿದು, ಒಣಗಿಸಿ, ಸುಡುವ ಕೆಲಸ ನನ್ನದು. ಸೀರೆಯೆಲ್ಲ ಹಳಸಿದ ಭಜಿಯ ವಾಸನೆ. ಮೊದಲ ಸಲ ಎಣ್ಣೆ ಸಾಬೂನಿನಂತೆ ಗಟ್ಟಿಯಾಯಿತು. "ಇಂಜಿನ್ನಿಗೆ ಜಳಕಾ ಮಾಡಸಾಕತ್ತೀಯೇನೋ ಶ್ರೀಪಾಲ?" ಎಂದು ಅತ್ತೆಯವರು ಮಗನಿಗೆ ಕೇಳಿ ನಕ್ಕಿದ್ದರು. ಆಗ ನಗುತ್ತಿದ್ದರು.

ಆಮೇಲೆ ಇವರು ಒಂದು ಚೀಲ ಬಿಳಿ ಚೂರು ತಂದರು. "ಸುಣ್ಣದ್ದೈತಿ, ಬೂದಿಗಿಂತ ಚಲೋ. ಸುಡು" ಎಂದರು. ಅಡುಗೆಯ ಇದ್ದಿಲ ಒಲೆಯಲ್ಲಿ ಊದಿ ಊದಿ ಸುಟ್ಟೆ. ಕೂದಲು ಸುಟ್ಟಂಥ ನಾತ. ಬಸದಿಯಿಂದ ಬಂದ ಅತ್ತೆಯವರು ಒಂದು ಚೂರು ಎತ್ತಿ ನೋಡಿದರು.

"ಇದು ತತ್ತಿ ಸಿಪ್ಪಿ ಅಲ್ಲೇನ?"

"ನನಗ ಗೊತ್ತಿರಲಿಲ್ರಿ ಅತ್ತಿ."

ಇವರು ನಡುವೆ ಬಂದರು. "ತಿನ್ನಾಕಲ್ಲವ್ವ, ಇಂಜಿನ್ನಿಗೆ."

"ಇಂಜಿನ್ನು ಯಾರ ಮನೀದು? ಒಲಿ ಯಾರದು?"

ಆ ಒಲೆ ಒಡೆದು ಹಾಕಿದೆವು. ಮೊಟ್ಟೆ ಸಿಪ್ಪೆಯ ಚೀಲ ಎಸೆದೆವು. ನಾನು ಮತ್ತೆ ದಿಂಡು ಸುಡುತ್ತಿದ್ದೇನೆ, ಹೊರಗೆ, ಬಾವಿಯ ಹತ್ತಿರ. ಇಂಜಿನ್ನು ಕೆಮ್ಮುತ್ತ ಓಡುತ್ತದೆ, ಕಬ್ಬು ಹಸಿರಾಗಿದೆ. ಅತ್ತೆಯವರು ಬೈಯುವುದಿಲ್ಲ. ನೋಯುವ ಮೊಣಕಾಲಿನಲ್ಲೇ ತಮ್ಮ ನೀರು ತಾವೇ ತಂದು, ಹೊತ್ತು ಮುಳುಗುವ ಮುಂಚೆ ಬೇರೆ ಒಲೆಯಲ್ಲಿ ಬೇಯಿಸಿಕೊಳ್ಳುತ್ತಾರೆ. ನಾನು ಬಡಿದ ರೊಟ್ಟಿ ಮುಟ್ಟುವುದಿಲ್ಲ. ಬೈದರೂ ಚೆನ್ನಾಗಿತ್ತು ಅಕ್ಕಾ.

ನೀನು ಒಮ್ಮೆ ಬಂದು ಅವರ ಹತ್ತಿರ ಕುಳಿತು ಹೋಗು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ
ಜಿನಮತಿ

ತಾ.ಕ. ನನಗೀಗ ಮೂರು ತಿಂಗಳು. ಮೊದಲು ಅತ್ತೆಯವರಿಗೇ ಹೇಳಿದೆ. ಹೇಳುತ್ತ ಅವರ ಕೊಡ ಇಳಿಸಲು ಕೈ ಹಚ್ಚಿದೆ. "ಭಾರ ಎತ್ತಬ್ಯಾಡವಾ, ಎರಡ ಜೀವದಾಕಿ" ಎಂದರು. ಎಷ್ಟೋ ದಿನಕ್ಕೆ ಕೇಳಿದ ಮಾತು, ಕಣ್ಣು ತುಂಬಿ ಬಂತು. ನಾನು ಒಳಗೆ ಹೋದ ಮೇಲೆ ಆ ನೀರು ಚೆಲ್ಲಿ, ನನ್ನ ಕೈ ತಾಗಿದ ಕೊಡವನ್ನು ತಿಕ್ಕಿ ತಿಕ್ಕಿ ತೊಳೆದರು. ಕಿಟಕಿಯಿಂದ ನೋಡಿದೆ. ತಿಕ್ಕಿದ್ದು ನಾನು ಸುಟ್ಟಿಟ್ಟ ಬಾಳೆದಿಂಡಿನ ಬೂದಿಯಿಂದಲೇ.