ಕಲ್ಲಿನ ಬೆನ್ನು ತೊಳೆಯಬೇಡಿ

ಮಾನ್ಯ ಸಂಗ್ರಹಾಲಯಾಧಿಕಾರಿಗಳೇ,

ನಿಮ್ಮ ಸಂಗ್ರಹಾಲಯಕ್ಕೆ ತಂದಿಟ್ಟ ನಿಂಬರ್ಗಾದ ವೀರಗಲ್ಲಿನ ಪಕ್ಕದಲ್ಲಿ ನೀವೊಂದು ಫಲಕ ಹಾಕಿಸಿದ್ದೀರಿ. "ಗ್ರಾಮಸ್ಥರ ಅಜ್ಞಾನದಿಂದ ಸುಣ್ಣದ ಪದರಗಳಡಿ ಮುಚ್ಚಿಹೋಗಿದ್ದ ಈ ಶಿಲ್ಪವನ್ನು ವೈಜ್ಞಾನಿಕವಾಗಿ ಶುಚಿಗೊಳಿಸಲಾಗಿದೆ" ಎಂದು ಅದರಲ್ಲಿದೆ. ಓದಿದವರು ಊರಿಗೆ ಊರೇ ಸುಣ್ಣದ ಬಕೀಟು ಹಿಡಿದು ಬಂದಿತ್ತೆಂದು ತಿಳಿದಾರು. ಹಾಗೇನಿಲ್ಲ. ಬಳಿದವರು ನಮ್ಮ ಮನೆಯ ಹೆಂಗಸರು. ಕೊನೆಯ ಹದಿನಾರು ವರ್ಷ ಬಳಿದವಳು ಶಿವಕಾಂತಾ. ಆ ಅಜ್ಞಾನಿಯ ಗಂಡ ನಾನು. ಮುಂದಿನ ತಿಂಗಳು ಕಲ್ಲಿನ ಹಿಂಭಾಗವನ್ನೂ ತೊಳೆಸುತ್ತೀರೆಂದು ಗೊತ್ತಾಗಿದೆ. ಅದನ್ನು ತಡೆಯಲು ಕಚೇರಿಗೆ ಎರಡು ಪತ್ರ ಹಾಕಿದೆ. ಅವೂ ಬಹುಶಃ ನಿಮ್ಮಲ್ಲಿ ಸಂಗ್ರಹವಾಗಿವೆ, ಉತ್ತರವಂತೂ ಬರಲಿಲ್ಲ. ಆದ್ದರಿಂದ ಮೂರನೆಯದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಜೇವರ್ಗಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ನಿಂಬರ್ಗಾದ ಹೊಲ ನೋಡಿಕೊಳ್ಳುತ್ತಿದ್ದ ಶಿವಕಾಂತಾ ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆಯಲ್ಲಿ ಈಗ ನಾನು ಮತ್ತು ಹತ್ತನೇ ತರಗತಿಯ ಮಗಳು ಸೀಮಾ. ಅವಳ ಕಿವಿಯಲ್ಲಿ ಸದಾ ಇಯರ್‌ಫೋನ್, ನನ್ನ ಬಾಯಲ್ಲಿ ಸದಾ "ಊಟ ಆಯಿತಾ". ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಬಂದವನಿಗೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಅದನ್ನು ಮುಚ್ಚಿಟ್ಟು ಪ್ರಯೋಜನವೇನು? ಹೀಗಿರುವಾಗ ಶಾಲೆಯವರು, ಯಾವುದಾದರೂ ಮ್ಯೂಸಿಯಂ ನೋಡಿ ನಾಲ್ಕು ಪುಟ ಬರೆದು ತನ್ನಿ ಎಂದರು. ಮಗಳ ಜೊತೆ ಇಡೀ ಒಂದು ದಿನ ಸಿಗುತ್ತದಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದೆ. ಎಲ್ಲಿಗೆ ಹೋಗುವುದೆಂದು ವಾರವಿಡೀ ಲೆಕ್ಕಾಚಾರ ಹಾಕಿದೆ.

"ಹೈದರಾಬಾದಿಗೆ ಹೋಗೋಣೇನು? ಅಲ್ಲಿ ದೊಡ್ಡ ಗಡಿಯಾರ ಅದ."

"ಬ್ಯಾಡ್ರಿ."

"ವಿಜಯಪುರ?"

"ನೋಡೀನ್ರಿ, ಪಪ್ಪಾ."

ಸಂಖ್ಯೆ ಮೂರಾಗಲಿ ಎಂದು ನಿಮ್ಮ ಮೂರು ಕೋಣೆಯ ಸಂಗ್ರಹಾಲಯದ ಹೆಸರು ಹೇಳಿದೆ. ಅವಳು ಫೋನಿನಿಂದ ತಲೆ ಎತ್ತಿದಳು. "ಅಲ್ಲಿಗೇ ಹೋಗೋಣ್ರಿ."

ಹತ್ತಿರದ್ದನ್ನು ಆರಿಸಿದರೆ ಅಪ್ಪನಿಂದ ಬೇಗ ಬಿಡುಗಡೆ, ಅಷ್ಟೇ ಎಂದುಕೊಂಡೆ. ನನಗೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ. ಕಾರಣ ಆ ಕಲ್ಲು.

ಅದು ನಿಂಬರ್ಗಾದ ನಮ್ಮ ತೊಗರಿ ಹೊಲದ ಬದುವಿನ ಮೇಲಿತ್ತು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ ಮನೆಯ ಸೊಸೆ ಅದಕ್ಕೆ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ಹಾಕಬೇಕು. ಮರುದಿನ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿಯ ಎಡೆ, ಆಮೇಲೆ ಹೊಲದಲ್ಲೇ ಎಲ್ಲರ ಊಟ. ಸುಣ್ಣದಡಿ ಅಕ್ಷರಗಳಿವೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದು ನಮ್ಮ ತಪ್ಪು, ಒಪ್ಪಿದೆ. ಶಿವಕಾಂತಾ ಹೋದ ಮೇಲೆ ಬಳಿಯುವವರಿಲ್ಲದೆ ಎರಡು ಮಳೆಗಾಲದಲ್ಲಿ ಸುಣ್ಣ ಉದುರಿ ಅಕ್ಷರ ಕಂಡವು, ನಿಮ್ಮ ಜೀಪು ಬಂತು. ನಾನೂ ಸಹಿ ಹಾಕಿಕೊಟ್ಟೆ. ಆದರೆ ಒಂದು ಮಾತು ಕೇಳಲೇ? ಇಷ್ಟು ಕಾಲ ಬಿಸಿಲು ಮಳೆಯಿಂದ ಆ ಅಕ್ಷರಗಳನ್ನು ಕಾಪಾಡಿದ್ದು ಯಾವ ಇಲಾಖೆ? ನಮ್ಮ ಅಜ್ಞಾನದ ಪದರಗಳಿಲ್ಲದಿದ್ದರೆ ನಿಮ್ಮ ವಿಜ್ಞಾನಕ್ಕೆ ಓದಲು ಏನು ಉಳಿದಿರುತ್ತಿತ್ತು?

ಆ ದಿನ ನಿಮ್ಮ ಕಾವಲುಗಾರ ಅಬ್ದುಲ್ ಗನಿಯವರು ಬೀಗ ತೆಗೆದರು. ಇಡೀ ಕಟ್ಟಡಕ್ಕೆ ಪ್ರೇಕ್ಷಕರು ನಾವಿಬ್ಬರೇ. ಸೀಮಾ ಬೇರೇನನ್ನೂ ನೋಡದೆ ನೆಟ್ಟಗೆ ಆ ಕಲ್ಲಿನ ಬಳಿ ಹೋದಳು. ಫಲಕವನ್ನು ಗಟ್ಟಿಯಾಗಿ ಓದಿದಳು. "ಗ್ರಾಮಸ್ಥರ ಅಜ್ಞಾನ ಅಂದ್ರ ನಮ್ಮವ್ವ ಏನ್ರಿ?" ಎಂದಳು. ಅವಳು ಮೊಣಕಾಲೂರಿ, ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಫೋನು ತೂರಿಸಿ ಫೋಟೊ ತೆಗೆದು ನನಗೆ ತೋರಿಸಿದಳು. ಕಪ್ಪು ಕಲ್ಲಿನ ಮೇಲೆ ಸುಣ್ಣದಲ್ಲಿ ಒತ್ತಿದ ಒಂದು ಅಂಗೈ. ಕಿರುಬೆರಳು ಡೊಂಕು. ಮದುವೆಯಾದ ವರ್ಷ ಬಾಗಿಲಿಗೆ ಸಿಕ್ಕು ಮುರಿದ ಬೆರಳು ಅದು. ನಾನೇ ಪಟ್ಟಿ ಕಟ್ಟಿದ್ದೆ.

"ಬಳಿದು ಮುಗಿದ ಮ್ಯಾಲ ಕೈಯಾಗಿನ ಸುಣ್ಣ ತೊಳೀತಿರಲಿಲ್ರಿ ಅವ್ವ. ಕಲ್ಲಿನ ಬೆನ್ನಿಗಿ ಒತ್ತತಿದ್ಲು. ಪ್ರತಿ ವರ್ಷ ಒಂದೇ ಜಾಗದಾಗ."

"ನಿನಗ ಹ್ಯಾಂಗ ಗೊತ್ತು?"

"ಬಕೀಟು ಹಿಡ್ಕೊಂಡು ನಿಲ್ಲಾಕಿ ನಾನೇ ಅಲ್ಲೇನ್ರಿ? ನೀವು ಮರುದಿನ ಊಟದ ಹೊತ್ತಿಗಿ ಬರ್ತಿದ್ರಿ."

ನಿಜ. ನಾನು ಊಟದ ಹೊತ್ತಿಗೆ ಬರುತ್ತಿದ್ದೆ. ಹದಿನಾರು ವರ್ಷ ಹೆಂಡತಿ ಕೈ ಒತ್ತಿದ ಜಾಗ ನನಗೆ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿತ್ತು. ನಿಮ್ಮ ಸಂಗ್ರಹಾಲಯವನ್ನು ಅವಳು ಆರಿಸಿದ್ದು ಹತ್ತಿರವೆಂದಲ್ಲ. ಸೀಮಾ ಸಂದಿಯೊಳಗೆ ಕೈ ಹಾಕಿ, ಅಂದಾಜಿನಲ್ಲೇ ಆ ಜಾಗಕ್ಕೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂತಳು. ಇಯರ್‌ಫೋನ್ ಎರಡೂ ಕಿವಿಯಿಂದ ಜಾರಿ ಬಿದ್ದಿದ್ದವು. ಮುಟ್ಟಬಾರದೆಂಬ ನಿಮ್ಮ ನಿಯಮವನ್ನು ಅಬ್ದುಲ್ ಗನಿಯವರು ಜ್ಞಾಪಿಸಲಿಲ್ಲ. ಅದಕ್ಕಾಗಿ ಅವರಿಗೆ ನೋಟಿಸು ಕೊಡಬೇಡಿ, ನನಗೆ ಕೊಡಿ. ಬಾಗಿಲ ಬಳಿ ಅವರು ಮೆಲ್ಲಗೆ ಹೇಳಿದ್ದು ಇಷ್ಟೇ: "ದೊಡ್ಡ ಸಾಹೇಬ್ರು ಬರಾಕತ್ತಾರ್ರಿ. ಅದರ ಹಿಂದನೂ ಸಾಫ್ ಮಾಡ್ಬೇಕಂತ ಹುಕುಂ ಆಗ್ಯಾದ. ಯಾರಿಗಾದ್ರೂ ಹೇಳ್ರಿ."

ಯಾರಿಗೆ ಹೇಳಲಿ? ನಿಮಗೇ ಹೇಳುತ್ತಿದ್ದೇನೆ. ಈ ಪತ್ರ ಓದಿಯೇ ನೀವು ಬ್ರಷ್ಷು ಹಿಡಿದವರನ್ನು ಬೇಗ ಕಳಿಸಬಹುದೆಂಬ ಭಯವೂ ಇದೆ. ಕಲ್ಲು ವಾಪಸು ಕೊಡಿ ಎನ್ನುವುದಿಲ್ಲ. ಫಲಕದಲ್ಲಿ 'ಅಜ್ಞಾನ' ಇರಲಿ, ಅಭ್ಯಂತರವಿಲ್ಲ. ಯುದ್ಧದಲ್ಲಿ ಸತ್ತವನ ನೆನಪಿಗೆ ಕಲ್ಲಿನ ಮುಂಭಾಗವನ್ನೆಲ್ಲ ಬಿಟ್ಟುಕೊಟ್ಟಿದ್ದೀರಿ. ಹೊಲದಲ್ಲಿ ದುಡಿದು ಸತ್ತವಳಿಗೆ ಹಿಂಭಾಗದಲ್ಲಿ ಒಂದು ಅಂಗೈಯಷ್ಟು ಜಾಗ ಬಿಡಿ. ತೊಳೆಯಬೇಡಿ.

ಇನ್ನೊಂದು ಬೇಡಿಕೆ. ಆ ದಿನ ಮಗಳು ಕೈ ತೆಗೆದ ಮೇಲೆ ನಾನೂ ಸಂದಿಯೊಳಗೆ ಕೈ ಹಾಕಿ ನೋಡಿದೆ. ನನ್ನದು ದಪ್ಪ ಕೈ, ಮಣಿಕಟ್ಟಿನ ಹತ್ತಿರವೇ ಸಿಕ್ಕಿಕೊಂಡಿತು. "ಸಾಕು ಬರ್ರಿ, ಪಪ್ಪಾ" ಎಂದು ಸೀಮಾ ನನ್ನ ತೋಳು ಹಿಡಿದು ಬಸ್ಸಿನವರೆಗೂ ಕರೆದೊಯ್ದಳು. ದಯವಿಟ್ಟು ಆ ಕಲ್ಲನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ. ನನ್ನ ಕೈಯೂ ಅಲ್ಲಿಗೆ ಮುಟ್ಟಲಿ.

ಇಂತಿ,
ಊಟದ ಹೊತ್ತಿಗೆ ಮಾತ್ರ ಬರುತ್ತಿದ್ದ ಗ್ರಾಮಸ್ಥ,
ಕಲ್ಯಾಣಕುಮಾರ
ಜೇವರ್ಗಿ