ನಮ್ಮ 'ಇಲ್ಲ' ಕಲ್ಲಿಗಲ್ಲ

ವಿಜಯಪುರ,
ಫೆಬ್ರವರಿ ೩೧, ೨೨೧೮

ಇನ್ನೂರು ವರ್ಷ ಹಿಂದಿನ ಕಾಲೇಜು ಮಕ್ಕಳಿಗೆ,

ತಾರೀಖು ತಪ್ಪಲ್ಲ. ಫೆಬ್ರವರಿಗೆ ನೀವು ಕೊಡದೆ ಉಳಿಸಿಕೊಂಡಿದ್ದ ದಿನಗಳನ್ನು ನಾವು ಕೊಟ್ಟಿದ್ದೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ರಾಜಮಾ ನದಾಫ್, ಭೂವಿಜ್ಞಾನದ ವಿದ್ಯಾರ್ಥಿನಿ. ನಮ್ಮಲ್ಲಿ ಕಾಲೇಜು ಸೇರಿದ ದಿನವೇ ಮುನ್ನಂಗಿ ತೊಡಿಸುತ್ತಾರೆ. ಮುಂದೆ ಮಾಡಲಿರುವ ಕೆಲಸದ ಅಂಗಿ ಅದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಆ ಕೆಲಸದ ತಾಲೀಮು. ಸಂಜೆ ಹೊರಡುವಾಗ ಹೆಬ್ಬಾಗಿಲು ಪ್ರತಿಯೊಬ್ಬರನ್ನೂ ಕೇಳುತ್ತದೆ: ನಿಮ್ಮ ಓದು ಹಿತವಾಯಿತೇ? ಅದನ್ನು ಕೇಳುಬಾಗಿಲು ಎನ್ನುತ್ತೇವೆ. ಹೌದು ಅಥವಾ ಇಲ್ಲ ಅನ್ನದೆ ಅದು ತೆರೆಯುವುದಿಲ್ಲ. 'ಇಲ್ಲ' ಹೆಚ್ಚಾದ ವಿಷಯವನ್ನು ಮುಚ್ಚಿಬಿಡುತ್ತಾರೆ.

ಕಲ್ಲು ಓದುವವರಿಗೆ ಕೆಲಸವೇ ಇಲ್ಲವೆಂದು ತೀರ್ಮಾನಿಸಿ ನಮಗೆ ಕೊಟ್ಟದ್ದು ಅತಿಥಿಗೃಹದ ನೀಲಿ ಅಂಗಿ. ಬಂದವರ ಮುಂದೆ ಬಾಗಬೇಕು, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ ಕಾಣುವಂತೆ ನಗಬೇಕು. ತಾಲೀಮಿನ ಸಿದರಾಯ ಮಾಸ್ತರರು "ಕಲ್ಲ ಓದಿ ಏನ್ ಮಾಡ್ತಿಯವಾ? ಮದ್ಲ ನಗೂದು ಕಲಿ" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದವಡೆ ನೋಯಿಸಿಕೊಂಡು ಬಾಗಿಲ ಮುಂದೆ ನಿಂತಾಗ ನಮ್ಮ ಬಾಯಿಂದ ಬರುತ್ತಿದ್ದುದು 'ಇಲ್ಲ'. ನಮಗೆ ಬೇಡವಾಗಿದ್ದುದು ಆ ನಗು, ಕೆಟ್ಟ ಹೆಸರು ಬಂದದ್ದು ಭೂವಿಜ್ಞಾನಕ್ಕೆ.

ಕಳೆದ ತಿಂಗಳು ನಾನೂ ಗೆಳತಿ ಶಿವಲೀಲಾಳೂ ತಾಲೀಮಿಗೆ ಚಕ್ಕರ್ ಹೊಡೆದು, ನೀರಿಲ್ಲದ ಪಕ್ಕದ ಓಣಿಗೆ ಹೋದೆವು. ಕಪ್ಪು ಬಂಡೆಯ ಪದರಗಳನ್ನು ನೋಡಿ, ನಮ್ಮಲ್ಲೇ ಜಗಳವಾಡಿ, ಕೊನೆಗೆ ಒಂದು ಜಾಗ ತೋರಿಸಿದೆವು. ಓಣಿಯವರು ಕೊರೆಸಿದರು. ಮೊದಲು ಬರೀ ಧೂಳು. ಎಲ್ಲರೂ ನಮ್ಮನ್ನೇ ನೋಡತೊಡಗಿದರು. ಆಮೇಲೆ ಕೆಸರು, ಆಮೇಲೆ ನೀರು. ಆ ಸಂಜೆ ಕಾಲೇಜಿಗೆ ಮರಳಿ, ಬಾಗಿಲು ಕೇಳುವ ಮೊದಲೇ ನಾನು 'ಹೌದು' ಎಂದು ಕಿರುಚಿದೆ. ತಾಲೀಮಿಗೆ ಬಾರದವರ ಉತ್ತರ ಲೆಕ್ಕಕ್ಕಿಲ್ಲವಂತೆ.

ನಾಳೆ ನಮ್ಮ ವಿಭಾಗಕ್ಕೆ ಬೀಗ. ಹಾಕಿಕೊಳ್ಳಲಿ! ನಾಳೆಯಿಂದ ಭೂವಿಜ್ಞಾನದ ಪಾಠ ಆ ಓಣಿಯ ಕೊಳವೆಬಾವಿಯ ಪಕ್ಕದಲ್ಲಿ. ಮುನ್ನಂಗಿ ತೊಟ್ಟವರಿಗೆ ಅಲ್ಲಿ ಜಾಗವಿಲ್ಲ. ನನ್ನದನ್ನು ಕಲ್ಲು ಒರೆಸಲು ಆಗಲೇ ಹರಿದಿದ್ದೇನೆ.

ಇಂಥ ಬಾಗಿಲಿನ ಮೊದಲ ಇಟ್ಟಿಗೆ, ಓದು ಹಿಡಿಸಿತೇ ಎಂದು ಕೇಳುವ ಆ ಫಾರಂ, ನಿಮ್ಮ ಕಾಲದ್ದು; ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಓದು ಬೇಸರವಾದ ದಿನ ಅದನ್ನು ಬೈಯುವ ಮುನ್ನ, ನಿಮ್ಮನ್ನು ಯಾವ ಕೆಲಸಕ್ಕೆ ತಯಾರು ಮಾಡುತ್ತಿದ್ದಾರೆ ನೋಡಿಕೊಳ್ಳಿ. ಯಾರೋ ಹೇಳಿದರೆಂದು ನಗಬೇಡಿ. ನೀರು ಬಂದಾಗ ಶಿವಲೀಲಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಹಲ್ಲೆಲ್ಲ ಕಾಣುತ್ತಿತ್ತು.

ಬಗ್ಗದ,
ರಾಜಮಾ